ದಿನಕ್ಕೆ ಮೂರು ಥ್ಯಾಂಕ್ಸ್ ಬರೆದರೆ ಖಿನ್ನತೆ ಮಾಯವಾಗುತ್ತದೆಯೇ? ಕೃತಜ್ಞತೆಯ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಸೂರ್ಯೋದಯದ ಒಂದು ಚಿತ್ರ, ಕೈಮುಗಿದ ಎರಡು ಇಮೋಜಿ, ಕೆಳಗೆ ದಪ್ಪ ಅಕ್ಷರದ ಸಾಲುಗಳು. ಕಳೆದ ತಿಂಗಳು ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದ ಮೆಸೇಜ್‌ನ ಸಾರಾಂಶ ಇಷ್ಟು: ದಿನಾ ಬೆಳಗ್ಗೆ ಎದ್ದು ಮೂರು ವಿಷಯಗಳಿಗೆ ಧನ್ಯವಾದ ಬರೆಯಿರಿ. 21 ದಿನಗಳಲ್ಲಿ ಮೆದುಳಿನ ರಚನೆಯೇ ಬದಲಾಗುತ್ತದೆ. ಗಂಡ ಹೆಂಡತಿ ಜಗಳ ನಿಲ್ಲುತ್ತದೆ, ಆಯಸ್ಸು ಹೆಚ್ಚುತ್ತದೆ, ಖಿನ್ನತೆಗೆ ಮಾತ್ರೆಯೇ ಬೇಕಾಗುವುದಿಲ್ಲ. ಇದನ್ನು ಅಮೆರಿಕದ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ. ಹತ್ತು ಜನರಿಗೆ ಕಳಿಸಿ.

ನಿಮಗೂ ಇಂಥದ್ದೊಂದು ಬಂದಿರಬಹುದು. ಸುಂದರವಾದ ಮೆಸೇಜ್, ಯಾರಿಗೂ ತೊಂದರೆ ಇಲ್ಲ ಎಂದು ಮುಂದೆ ಕಳಿಸಿಯೂ ಇರಬಹುದು. ನಾನೂ ಓದಿ ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಗ್ರೂಪಿನಲ್ಲಿರುವ ಒಬ್ಬರು ಎರಡು ವರ್ಷಗಳಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಆ ಮೆಸೇಜ್‌ಗೆ ಮೊದಲು ಕೈಮುಗಿದ ಇಮೋಜಿ ಹಾಕಿದ್ದು ಅವರೇ. ಆಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಕಷ್ಟ ಏನೆಂದರೆ, ಇದು ಪೂರ್ತಿ ಸುಳ್ಳು ಮೆಸೇಜ್ ಅಲ್ಲ. ಕೃತಜ್ಞತೆಯ ಬಗ್ಗೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಸಂಶೋಧನೆ ನಡೆದಿದೆ, ಒಳ್ಳೆಯ ಫಲಿತಾಂಶಗಳೂ ಇವೆ. ಆದರೆ ಮೆಸೇಜ್ ಹೇಳುವಷ್ಟು ದೊಡ್ಡದಾಗಿ ಅಲ್ಲ, ಮೆಸೇಜ್ ಹೇಳುವ ಜಾಗದಲ್ಲೂ ಅಲ್ಲ.

21 ದಿನ ಎಲ್ಲಿಂದ ಬಂತು?

ಇದನ್ನು ಬೇಗ ಮುಗಿಸಿಬಿಡೋಣ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದರು. ಆಪರೇಷನ್ ಆದ ಮೇಲೆ ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕಾಗುತ್ತದೆ ಎಂದು ಅದರಲ್ಲಿ ಹೇಳಿದ್ದರು. ಬಾಯಿಂದ ಬಾಯಿಗೆ ಹೋಗುವಾಗ ‘ಕಡಿಮೆಯೆಂದರೂ’, ‘ಸುಮಾರು’ ಎರಡೂ ಉದುರಿಹೋಗಿ ಎಲ್ಲ ಅಭ್ಯಾಸಕ್ಕೂ 21 ದಿನ ಎಂಬ ನಿಯಮ ಹುಟ್ಟಿಕೊಂಡಿತು. ಲಂಡನ್‌ನಲ್ಲಿ 96 ಜನರನ್ನು ಗಮನಿಸಿದ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಹಿಡಿದ ಕಾಲ 18 ದಿನದಿಂದ 254 ದಿನದವರೆಗೂ ಇತ್ತು. ನಡುವಿನ ಲೆಕ್ಕ 66 ದಿನ.

ಇನ್ನು ಮೆದುಳಿನ ರಚನೆ. ಕೃತಜ್ಞತೆಯ ಪತ್ರ ಬರೆದವರ ಮೆದುಳನ್ನು ಮೂರು ತಿಂಗಳ ನಂತರ ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ಪತ್ರ ಬರೆಯದವರಿಗೆ ಹೋಲಿಸಿದರೆ ಮೆದುಳಿನ ಮುಂಭಾಗದ ಒಂದು ಪ್ರದೇಶದ ಚಟುವಟಿಕೆಯಲ್ಲಿ ವ್ಯತ್ಯಾಸ ಕಂಡಿತು. ಇದು ನಿಜ. ಆದರೆ ಅದರಲ್ಲಿದ್ದವರು ನಲವತ್ತು ಚಿಲ್ಲರೆ ಮಂದಿ. ಮತ್ತೆ, ಚಟುವಟಿಕೆ ಬೇರೆ, ರಚನೆ ಬೇರೆ. ಈ ಲೇಖನ ಓದುವಾಗಲೂ ನಿಮ್ಮ ಮೆದುಳಿನ ಚಟುವಟಿಕೆ ಬದಲಾಗುತ್ತಲೇ ಇದೆ.

ಪಟ್ಟಿ ಬರೆದವರಿಗೆ ಏನಾಯಿತು?

‘ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಎನ್ನುವಾಗ ಹೆಚ್ಚಿನವರ ಮನಸ್ಸಿನಲ್ಲಿರುವುದು ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲ್ಲಾ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಮೊದಲ ಪ್ರಯೋಗದಲ್ಲಿ ಸುಮಾರು 200 ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ವಾರಕ್ಕೊಮ್ಮೆ, ಹತ್ತು ವಾರ, ಒಂದು ಗುಂಪು ತಾನು ಕೃತಜ್ಞವಾಗಿರುವ ಸಂಗತಿಗಳನ್ನು ಬರೆಯಬೇಕು. ಇನ್ನೊಂದು ಕಿರಿಕಿರಿಗಳನ್ನು ಬರೆಯಬೇಕು. ಮೂರನೆಯದು ಆ ವಾರ ನಡೆದ ಯಾವುದೋ ಘಟನೆಗಳನ್ನು ಬರೆಯಬೇಕು. ಕೃತಜ್ಞತೆಯ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು, ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆಯಿತ್ತು, ತಲೆನೋವಿನಂಥ ದೂರುಗಳು ಕಡಿಮೆಯಿದ್ದವು. ಕಿರಿಕಿರಿ ಗುಂಪಿಗಿಂತ ವಾರಕ್ಕೆ ಸುಮಾರು ಒಂದೂವರೆ ಗಂಟೆ ಹೆಚ್ಚು ವ್ಯಾಯಾಮವನ್ನೂ ಮಾಡಿದ್ದರು.

ಈ ಕೊನೆಯ ಸಾಲಿನ ಹೋಲಿಕೆ ಯಾರ ಜತೆಗೆ ಎಂದು ನೋಡಿ. ವಾರವಾರವೂ ಕೂರಿಸಿ ಕಿರಿಕಿರಿಗಳ ಪಟ್ಟಿ ಬರೆಸಿದವರ ಜತೆಗೆ! ಅವರು ಸ್ವಲ್ಪ ಕುಗ್ಗಿದ್ದರೆ ಆಶ್ಚರ್ಯವೇನಿಲ್ಲ. ಮುಂದಿನ ವರ್ಷಗಳಲ್ಲಿ ಇಂಥ ಪ್ರಯೋಗಗಳು ನೂರಾರು ನಡೆದವು. 28 ದೇಶಗಳ 145 ಸಂಶೋಧನಾ ಪ್ರಬಂಧಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ ವಿಶ್ಲೇಷಣೆಯೊಂದು 2025ರಲ್ಲಿ ಬಂತು. ಕೃತಜ್ಞತೆಯ ಅಭ್ಯಾಸದಿಂದ ಲಾಭ ಇದೆ, ಆದರೆ ಅದು ಸಣ್ಣದು ಎಂಬುದು ಅದರ ಉತ್ತರ. ಹೆಚ್ಚು ಬರೆದರೆ ಹೆಚ್ಚು ಲಾಭ ಎಂದೂ ಇಲ್ಲ. ಸೋನ್ಯಾ ಲ್ಯೂಬೊಮಿರ್‌ಸ್ಕಿ ತಂಡದ ಆರು ವಾರಗಳ ಪ್ರಯೋಗದಲ್ಲಿ ವಾರಕ್ಕೆ ಒಮ್ಮೆ ಬರೆದವರ ಸಂತೋಷ ಏರಿತು, ವಾರಕ್ಕೆ ಮೂರು ಸಲ ಬರೆದವರದ್ದು ಏರಲಿಲ್ಲ. ದಿನಾ ಬರೆದರೆ ಅದೂ ಹೋಂವರ್ಕ್ ಆಗಿಬಿಡುತ್ತದೆ ಅಂತ ಕಾಣುತ್ತದೆ.

ಆಯಸ್ಸಿನ ವಿಷಯಕ್ಕೂ ಒಂದು ಮೂಲ ಇದೆ. ಅಮೆರಿಕದ 49,275 ಹಿರಿಯ ಮಹಿಳೆಯರ, ಅಂದರೆ ಸರಾಸರಿ 79 ವರ್ಷದವರ, ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಕೃತಜ್ಞತೆಯ ಪ್ರಶ್ನಾವಳಿಯಲ್ಲಿ ಹೆಚ್ಚು ಅಂಕ ಪಡೆದವರು ಮುಂದಿನ ಸುಮಾರು ನಾಲ್ಕು ವರ್ಷಗಳಲ್ಲಿ ಸಾಯುವ ಸಂಭವ, ಕಡಿಮೆ ಅಂಕದವರಿಗಿಂತ 9% ಕಡಿಮೆ ಇತ್ತು. ಅವರ ಆರೋಗ್ಯ, ಆದಾಯ ಇತ್ಯಾದಿಗಳನ್ನು ಸಂಶೋಧಕರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಹಾಗಿದ್ದರೂ ಇದು ಪ್ರಯೋಗವಲ್ಲ, ಗಮನಿಸಿ ಬರೆದುಕೊಂಡದ್ದು. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಅಜ್ಜಿಗೆ ಕೃತಜ್ಞತೆ ಸುಲಭವಾಗಿ ಬರುತ್ತದೆಯೋ, ಕೃತಜ್ಞತೆಯಿಂದಲೇ ಅಜ್ಜಿ ಗಟ್ಟಿಮುಟ್ಟಾಗಿದ್ದಾರೋ ಎಂದು ಇದರಿಂದ ಬಿಡಿಸಿ ಹೇಳಲು ಆಗುವುದಿಲ್ಲ.

ಬರೆದಿಟ್ಟರೆ ಸಾಕೇ, ಹೇಳಬೇಕೇ?

ಫಾರ್ವರ್ಡ್ ಬಿಟ್ಟಿರುವ ಮುಖ್ಯ ವಿಷಯ ಇದು. ಪುಸ್ತಕದಲ್ಲಿ ಬರೆದ ಥ್ಯಾಂಕ್ಸ್ ಪುಸ್ತಕದಲ್ಲೇ ಉಳಿಯುತ್ತದೆ. ಯಾರಿಗೆ ಥ್ಯಾಂಕ್ಸ್ ಹೇಳುತ್ತಿದ್ದೇವೋ ಅವರಿಗೆ ಅದು ಗೊತ್ತೇ ಆಗುವುದಿಲ್ಲ.

ಸಾರಾ ಆಲ್ಗೋ ಎಂಬ ಮನೋವಿಜ್ಞಾನಿ ಹೆಚ್ಚಾಗಿ ಜೋಡಿಗಳ ಮೇಲೆ ಕೆಲಸ ಮಾಡಿದವರು. 2010ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ ಒಟ್ಟಿಗೆ ವಾಸಿಸುವ 67 ಜೋಡಿಗಳು ಎರಡು ವಾರ ಪ್ರತಿ ರಾತ್ರಿ ಡೈರಿ ತುಂಬಿಸಿದರು. ಈ ದಿನ ಅವರು ನನಗೇನು ಮಾಡಿದರು, ನಾನೇನು ಮಾಡಿದೆ, ನನಗೆ ಏನನ್ನಿಸಿತು. ಒಬ್ಬರಿಗೆ ಕೃತಜ್ಞತೆ ಅನ್ನಿಸಿದ ದಿನದ ಮರುದಿನ ಅವರಿಗೆ ಸಂಬಂಧದ ಬಗ್ಗೆ ಹೆಚ್ಚು ಸಮಾಧಾನವಿತ್ತು. ಅಷ್ಟೇ ಅಲ್ಲ, ಆ ಕೆಲಸ ಮಾಡಿಕೊಟ್ಟ ಇನ್ನೊಬ್ಬರಿಗೂ ಇತ್ತು. ಕೆಲಸಗಳು ದೊಡ್ಡವೇನೂ ಅಲ್ಲ, ದಿನನಿತ್ಯದ ಚಿಕ್ಕಪುಟ್ಟವೇ.

ಅದೇ ಅಧ್ಯಯನ ಇನ್ನೊಂದು ಭಾವವನ್ನೂ ಅಳೆಯಿತು. ಸಹಾಯ ಸಿಕ್ಕಾಗ ‘ಇನ್ನು ಇದನ್ನು ತೀರಿಸಬೇಕಲ್ಲ’ ಎಂಬ ಭಾರ. ಅದು ಇದ್ದ ಕಡೆ ಸಂಬಂಧಕ್ಕೆ ಅಂಥ ಲಾಭ ಕಾಣಲಿಲ್ಲ. ಈ ವ್ಯತ್ಯಾಸ ವಿವರಿಸಲು ಇಂಗ್ಲಿಷ್‌ನವರು ಒದ್ದಾಡುತ್ತಾರೆ. ಕನ್ನಡಿಗರಿಗೆ ‘ಹಂಗು’ ಎಂಬ ಒಂದೇ ಪದ ಸಾಕು. ‘ನಿನ್ನ ಉಪಕಾರ ಮರೆಯಲ್ಲ’ ಎನ್ನುವವರೂ ‘ನಿನ್ನ ಹಂಗು ನನಗೆ ಬೇಡ’ ಎನ್ನುವವರೂ ಸಹಾಯ ಪಡೆದವರೇ. ಆದರೆ ಎರಡು ಮಾತಿನ ನಡುವಿನ ದೂರ ನಮಗೆಲ್ಲ ಗೊತ್ತು.

ಹೇಗೆ ಹೇಳುತ್ತೇವೆ ಎಂಬುದೂ ಮುಖ್ಯ. 2016ರ ಇನ್ನೊಂದು ಅಧ್ಯಯನದಲ್ಲಿ ಆಲ್ಗೋ ತಂಡ ಜೋಡಿಗಳು ಒಬ್ಬರಿಗೊಬ್ಬರು ಕೃತಜ್ಞತೆ ಹೇಳುವುದನ್ನು ವಿಡಿಯೊ ಮಾಡಿ, ಮಾತುಗಳನ್ನು ಎರಡು ಬಗೆಯಾಗಿ ವಿಂಗಡಿಸಿತು. ಒಂದು, ಅದರಿಂದ ನನಗೆ ಏನು ಲಾಭವಾಯಿತು ಎಂಬ ಮಾತು. ಇನ್ನೊಂದು, ಅದನ್ನು ಮಾಡಿದ ನಿನ್ನ ಗುಣ ಎಂಥದ್ದು ಎಂಬ ಮಾತು. ನಮ್ಮ ಮನೆಗಳಿಗೆ ಹೊಂದಿಸಿ ಹೇಳುವುದಾದರೆ, ‘ನೀನು ಗ್ಯಾಸ್ ಬುಕ್ ಮಾಡಿದ್ದು ಒಳ್ಳೇದಾಯ್ತು, ನನಗೆ ಟೆನ್ಷನ್ ತಪ್ಪಿತು’ ಎನ್ನುವುದು ಮೊದಲನೆಯದು. ‘ಯಾರೂ ಹೇಳದೇ ಇದ್ದರೂ ಸಿಲಿಂಡರ್ ಖಾಲಿಯಾಗುತ್ತೆ ಅಂತ ನೆನಪಿಟ್ಟೆಯಲ್ಲ, ನಿನಗಿರುವಷ್ಟು ಗಮನ ಈ ಮನೇಲಿ ಯಾರಿಗೂ ಇಲ್ಲ’ ಎನ್ನುವುದು ಎರಡನೆಯದು. ಕೇಳಿಸಿಕೊಂಡವರಿಗೆ ಹಿತವಾದದ್ದು, ಹೇಳಿದವರ ಮೇಲೆ ಪ್ರೀತಿ ಹೆಚ್ಚಿಸಿದ್ದು ಎರಡನೆಯ ಬಗೆಯ ಮಾತು. ಮೊದಲನೆಯದಕ್ಕೆ ಆ ಪರಿಣಾಮ ಕಾಣಲಿಲ್ಲ. ನಾವು ಸಾಮಾನ್ಯವಾಗಿ ಹೇಳುವುದು ಮೊದಲನೆಯದನ್ನೇ ಎಂಬುದು ನನ್ನ ಅನುಮಾನ.

ಹಾಗಾದರೆ ನಾವು ಯಾಕೆ ಹೇಳುವುದಿಲ್ಲ? ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲೆ 2018ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಕೃತಜ್ಞತೆಯ ಪತ್ರ ಬರೆದು ಕಳಿಸುವವರನ್ನು, ‘ಇದನ್ನು ಓದಿದವರಿಗೆ ಹೇಗನ್ನಿಸಬಹುದು?’ ಎಂದು ಮೊದಲೇ ಕೇಳಿದರು. ಆಮೇಲೆ ಓದಿದವರನ್ನೇ ಕೇಳಿದರು. ಬರೆದವರು ಅಂದುಕೊಂಡದ್ದಕ್ಕಿಂತ ಓದಿದವರಿಗೆ ಹೆಚ್ಚು ಖುಷಿಯಾಗಿತ್ತು, ಮುಜುಗರ ಕಡಿಮೆಯಾಗಿತ್ತು. ಬರೆಯುವವರು ‘ಪದ ಸರಿಯಾಗಿದೆಯಾ, ತೀರಾ ನಾಟಕೀಯ ಆಯಿತಾ’ ಎಂದು ತಲೆಕೆಡಿಸಿಕೊಳ್ಳುತ್ತಾರೆ. ಓದುವವರು ನೋಡುವುದು ಅದರ ಹಿಂದಿನ ಆತ್ಮೀಯತೆಯನ್ನು.

ಒಂದು ದೊಡ್ಡ ಪತ್ರ ಬರೆದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಮಾರ್ಟಿನ್ ಸೆಲಿಗ್‌ಮನ್ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಂದೂ ಸರಿಯಾಗಿ ಥ್ಯಾಂಕ್ಸ್ ಹೇಳದೇ ಇದ್ದವರಿಗೆ ಪತ್ರ ಬರೆದು, ಕೈಯಾರೆ ಕೊಟ್ಟು ಬಂದವರ ಸಂತೋಷ ಎಲ್ಲ ಗುಂಪುಗಳಿಗಿಂತ ಹೆಚ್ಚು ಏರಿತು. ಒಂದು ತಿಂಗಳು ಉಳಿಯಿತು. ಮೂರು ತಿಂಗಳಾಗುವಷ್ಟರಲ್ಲಿ ಇಳಿದುಹೋಗಿತ್ತು.

ಅಮ್ಮನಿಗೆ ಥ್ಯಾಂಕ್ಸ್ ಹೇಳುವುದು ಹೇಗೆ?

ಇಷ್ಟು ಓದಿಕೊಂಡ ಮೇಲೆ ನಾನೂ ಒಂದು ಸಂಜೆ ಅಮ್ಮನಿಗೆ ಫೋನ್ ಮಾಡಿ, ಊರಿಂದ ಕಳಿಸಿದ ಚಟ್ನಿಪುಡಿಗೆ ‘ಥ್ಯಾಂಕ್ಸ್ ಅಮ್ಮಾ’ ಅಂದೆ. ಆ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ, ‘ಏನಾಯ್ತೇ? ಹುಷಾರಾಗಿದ್ದೀ ತಾನೆ?’

ಇದು ನನ್ನ ಅಮ್ಮನೊಬ್ಬರ ಸಮಸ್ಯೆಯಲ್ಲ. ಕನ್ನಡದಲ್ಲಿ ‘ಧನ್ಯವಾದ’ ಎಂಬುದು ವೇದಿಕೆಯ ಪದ. ಕಾರ್ಯಕ್ರಮದ ಕೊನೆಗೆ ವಂದನಾರ್ಪಣೆ ಮಾಡುವವರು ಹೇಳುವುದು. ‘ಥ್ಯಾಂಕ್ಸ್’ ಅಂಗಡಿಯವರಿಗೆ, ಆಟೊದವರಿಗೆ, ಆಫೀಸಿನವರಿಗೆ. ಮನೆಯೊಳಗೆ ಹೇಳಿದರೆ ‘ನಾನೇನು ಹೊರಗಿನವಳಾ?’ ಎಂಬ ಪ್ರಶ್ನೆ ಬರುತ್ತದೆ. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ದಕ್ಷಿಣ ಭಾರತದ ಕೃತಜ್ಞತೆಯ ಬಗ್ಗೆಯೇ 1985ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ಅವರು ನೋಡಿದ್ದು ತಮಿಳರನ್ನು. ಅಲ್ಲೂ ಕೃತಜ್ಞತೆ ಬಾಯಿಮಾತಿಗಿಂತ ಹೆಚ್ಚಾಗಿ ನಡೆಯಲ್ಲಿ, ಹಿಂದಿರುಗಿ ಕೊಡುವುದರಲ್ಲಿ ಕಾಣುತ್ತದೆ.

ಜಗತ್ತಿನ ಬೇರೆ ಕಡೆಯೂ ಹೀಗೇ ಎನ್ನುತ್ತದೆ 2018ರಲ್ಲಿ ಬಂದ ಒಂದು ಅಧ್ಯಯನ. ಐದು ಖಂಡಗಳ ಎಂಟು ಭಾಷೆಗಳಲ್ಲಿ ಮನೆಮಂದಿ, ಗೆಳೆಯರು, ನೆರೆಹೊರೆಯವರು ಮಾತಾಡುವುದನ್ನು ರೆಕಾರ್ಡ್ ಮಾಡಿ ನೋಡಿದರು. ‘ಉಪ್ಪು ಕೊಡು’, ‘ಸ್ವಲ್ಪ ಹಿಡ್ಕೋ’ ಎಂಬಂಥ ಕೋರಿಕೆಗಳನ್ನು ಜನ ಬಹುಪಾಲು ಈಡೇರಿಸುತ್ತಿದ್ದರು. ಆದರೆ ಅದಕ್ಕೆ ಥ್ಯಾಂಕ್ಸ್ ಬಂದದ್ದು ಸರಾಸರಿ ಇಪ್ಪತ್ತರಲ್ಲಿ ಒಂದು ಸಲ. ಇಂಗ್ಲಿಷ್‌ನಲ್ಲೇ ಅದು ನೂರಕ್ಕೆ 14ರ ಆಸುಪಾಸು. ಎಕ್ವಡಾರ್ ದೇಶದ ಚಾಪಲಾ ಭಾಷೆಯಲ್ಲಿ ಸೊನ್ನೆ. ಆ ಭಾಷೆಯಲ್ಲಿ ಥ್ಯಾಂಕ್ಸ್ ಹೇಳುವ ರೂಢಿಯ ಮಾತೇ ಇಲ್ಲವಂತೆ. ಹತ್ತಿರದವರ ನಡುವೆ ಸಹಾಯ ಎಂಬುದು ಹೇಳದೆಯೇ ಒಪ್ಪಿಕೊಂಡ ವಿಷಯ, ಥ್ಯಾಂಕ್ಸ್ ಹೇಳದ ಮಾತ್ರಕ್ಕೆ ಕೃತಜ್ಞತೆ ಇಲ್ಲ ಎಂದಲ್ಲ ಎಂಬುದು ಸಂಶೋಧಕರ ಮಾತು.

ಹಾಗೆಂದು ನಮ್ಮಲ್ಲಿ ಹೇಳುವ ದಾರಿಯೇ ಇಲ್ಲವೇ? ಇದೆ. ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಕೊನೆಗೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚುತ್ತೇವೆ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಅಜ್ಜಿಯಂದಿರು ಹರಸುವುದೂ ಥ್ಯಾಂಕ್ಸೇ. ಅದು ಆಲ್ಗೋ ಹೇಳುವ ಎರಡನೆಯ ಬಗೆಗೆ ಹತ್ತಿರವಾಗಿದೆ, ಮಾತು ಪೂರ್ತಿ ಎದುರಿನವರ ಬಗ್ಗೆಯೇ ಇದೆ.

ಸಮಸ್ಯೆ ಇರುವುದು ಬೇರೆ ಕಡೆ. ಪಾತ್ರೆಯ ಸಕ್ಕರೆ ಪಕ್ಕದ ಮನೆಗೆ ಹೋಗುತ್ತದೆ, ನಮ್ಮ ಅಡುಗೆಮನೆಯಲ್ಲಿ ನಿಂತಿರುವವರಿಗೆ ಏನೂ ಸಿಗುವುದಿಲ್ಲ. ಊಟದಲ್ಲಿ ಉಪ್ಪು ಕಡಿಮೆಯಾದ ದಿನ ಮಾತು ಬರುತ್ತದೆ, ಸರಿಯಿದ್ದ ಮುನ್ನೂರು ದಿನ ಬರುವುದಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಭಾರತೀಯರನ್ನೂ ಬಿಳಿಯ ಅಮೆರಿಕನ್ನರನ್ನೂ ಹೋಲಿಸಿದ 2017ರ ಅಧ್ಯಯನವೊಂದರಲ್ಲಿ, ಕೃತಜ್ಞತೆಯ ಅಭ್ಯಾಸ ಮಾಡಿದ ಭಾರತೀಯರಿಗೆ ಸಂತೋಷದ ಜತೆಗೇ ದುಃಖವೂ, ತಪ್ಪಿತಸ್ಥ ಭಾವವೂ ಉಂಟಾಗಿತ್ತು. ಅಪ್ಪ ಅಮ್ಮ ಪಟ್ಟ ಪಾಡು ನೆನೆದರೆ ಕಣ್ಣು ತುಂಬುವುದು ನಮಗೆ ಹೊಸದೇನಲ್ಲ. ನಿಮಗೂ ಹಾಗಾದರೆ ‘ನಾನು ತಪ್ಪಾಗಿ ಮಾಡುತ್ತಿದ್ದೇನೆ’ ಎಂದುಕೊಳ್ಳಬೇಕಿಲ್ಲ.

ಎರಡನೇ ಸಲ ನಾನು ‘ಥ್ಯಾಂಕ್ಸ್’ ಪದವನ್ನೇ ಬಿಟ್ಟೆ. ‘ಅಮ್ಮಾ, ನನ್ನ ಪಿಯುಸಿ ಪರೀಕ್ಷೆ ಟೈಮಲ್ಲಿ ದಿನಾ ನಾಲ್ಕು ಗಂಟೆಗೆ ನನ್ನ ಜತೆ ಎದ್ದು ಕೂರ್ತಿದ್ದೆಯಲ್ಲ, ಒಂದು ದಿನವೂ ಬೇಜಾರು ಮಾಡಿಕೊಳ್ಳಲಿಲ್ಲ. ಅಷ್ಟು ತಾಳ್ಮೆ ನನಗೆ ಬರಲ್ಲ’ ಅಂದೆ. ಅಮ್ಮ, ‘ನಿದ್ದೆ ಬರ್ತಿತ್ತು ಕಣೇ, ಗೋಡೆಗೆ ಒರಗಿ ತೂಕಡಿಸ್ತಿದ್ದೆ’ ಅಂದರು. ಆಮೇಲೆ ಅರ್ಧ ಗಂಟೆ ಮಾತಾಡಿದೆವು. ಇದು ಸಂಶೋಧನೆಯಲ್ಲ, ನಮ್ಮ ಮನೆಯ ಒಂದು ಫೋನ್ ಕಾಲ್ ಅಷ್ಟೇ.

ಹೊಗಳಿಕೆ ಸಿಕ್ಕಿತು, ಪಾತ್ರೆ ಯಾರು ತೊಳೆಯುತ್ತಾರೆ?

‘ಗಂಡ ಹೆಂಡತಿ ಜಗಳ ನಿಲ್ಲುತ್ತದೆ’ ಎಂಬ ಸಾಲನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಭಾರತದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಆ ಕೆಲಸ ಮಾಡುವ ಪುರುಷರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಗಿದೆ. ಇದು ಕೆಲಸ ಮಾಡುವವರನ್ನಷ್ಟೇ ಹಿಡಿದ ಲೆಕ್ಕ. ಮನೆಗೆಲಸಕ್ಕೆ ಕೈಯನ್ನೇ ಹಾಕದ ಗಂಡಸರು ಇದರಲ್ಲಿ ಸೇರಿಲ್ಲ.

ಮನೆಗೆಲಸದ ಹಂಚಿಕೆ ಅಸಮವಾಗಿದ್ದರೂ, ತಮ್ಮ ದುಡಿಮೆಗೆ ಬೆಲೆ ಇದೆ ಎಂದು ಅನ್ನಿಸಿದವರಿಗೆ ದಾಂಪತ್ಯದ ಬಗ್ಗೆ ಅಸಮಾಧಾನ ಕಡಿಮೆ ಎಂದು 2022ರ ಒಂದು ಅಧ್ಯಯನ ತೋರಿಸಿದೆ. ಒಂದು ಕಡೆಯಿಂದ ನೋಡಿದರೆ ಇದು ಒಳ್ಳೆಯ ಸುದ್ದಿ. ಇನ್ನೊಂದು ಕಡೆಯಿಂದ ನೋಡಿ. ಎರಡು ಒಳ್ಳೆಯ ಮಾತಿನಿಂದ ಐದು ಗಂಟೆಯ ಕೆಲಸವನ್ನು ಹಾಗೇ ಮುಂದುವರಿಸಬಹುದು ಎಂದೂ ಅರ್ಥ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೈಲ್ಡ್ 1989ರಲ್ಲೇ ಅಮೆರಿಕದ ದುಡಿಯುವ ದಂಪತಿಗಳ ಬಗ್ಗೆ ಬರೆಯುತ್ತ ಇದನ್ನು ಗಮನಿಸಿದ್ದರು. ಯಾವುದು ಕರ್ತವ್ಯ, ಯಾವುದು ಉಡುಗೊರೆ ಎಂದು ಒಬ್ಬೊಬ್ಬರು ಒಂದೊಂದು ರೀತಿ ಅಂದುಕೊಂಡಿರುತ್ತಾರೆ, ಥ್ಯಾಂಕ್ಸ್ ಅದರ ಮೇಲೆ ನಿಂತಿರುತ್ತದೆ. ‘ನಮ್ಮ ಯಜಮಾನರು ಮನೆಕೆಲಸದಲ್ಲಿ ಹೆಲ್ಪ್ ಮಾಡ್ತಾರೆ’ ಎಂದು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೀರಲ್ಲ? ‘ನಮ್ಮ ಯಜಮಾನತಿ ಹೆಲ್ಪ್ ಮಾಡ್ತಾರೆ’ ಎಂದು ಯಾರೂ ಹೇಳುವುದಿಲ್ಲ.

ಮೆಕ್‌ನಲ್ಟಿ ಮತ್ತು ಡೂಗಸ್ ಹೊಸದಾಗಿ ಮದುವೆಯಾದವರನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿದೆ. ಇಬ್ಬರಲ್ಲೂ ಕೃತಜ್ಞತೆ ಇದ್ದರೆ ಲಾಭ. ಒಬ್ಬರಲ್ಲಿ ಮಾತ್ರ ಇದ್ದರೆ ಆ ಲಾಭ ಇಲ್ಲ. ಇನ್ನು ಹೊಡೆತ, ಬೈಗುಳ ಇರುವ ಮನೆಯಲ್ಲಿ ‘ಅವರ ಒಳ್ಳೆಯ ಗುಣ ನೆನೆಸಿಕೊಂಡು ಥ್ಯಾಂಕ್ಸ್ ಹೇಳು’ ಎನ್ನುವುದು ಸಲಹೆಯೇ ಅಲ್ಲ. ಅಂಥವರಿಗೆ ಕಳಿಸಬೇಕಾದದ್ದು ಮಹಿಳಾ ಸಹಾಯವಾಣಿ 181ರ ನಂಬರ್. ತುರ್ತಿದ್ದರೆ 112.

ಮಾತ್ರೆಯ ಸಾಲು

ಖಿನ್ನತೆ ಮತ್ತು ಆತಂಕದ ಲಕ್ಷಣಗಳಿಗೆ ಕೃತಜ್ಞತೆಯ ಅಭ್ಯಾಸಗಳು ಎಷ್ಟು ಕೆಲಸ ಮಾಡುತ್ತವೆ ಎಂದು ನೋಡಲು ಕ್ರೆಗ್ ಮತ್ತು ಚೀವನ್ಸ್ ಎಂಬ ಸಂಶೋಧಕರು 27 ಅಧ್ಯಯನಗಳ 3,675 ಜನರ ಮಾಹಿತಿಯನ್ನು ಒಟ್ಟುಗೂಡಿಸಿದರು. ಪರಿಣಾಮ ಸಣ್ಣದು, ಈ ಲಕ್ಷಣಗಳಿರುವವರು ಹೆಚ್ಚು ಆಧಾರವಿರುವ ಬೇರೆ ಚಿಕಿತ್ಸೆ ಪಡೆಯುವುದು ಒಳ್ಳೆಯದು ಎಂದು ಅವರೇ ಬರೆದಿದ್ದಾರೆ. ಮಾತ್ರೆಯ ಜಾಗದಲ್ಲಿ ಪುಸ್ತಕ ಇಡಬಹುದು ಎಂಬುದಕ್ಕೆ ಆಧಾರವಿಲ್ಲ. ಖಿನ್ನತೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ಚಡಪಡಿಕೆ ಬರಬಹುದು, ಕಾಯಿಲೆಯೂ ಮರಳಬಹುದು. ನಿಲ್ಲಿಸುವುದಿದ್ದರೆ ಡಾಕ್ಟರ್ ಹೇಳಿದಂತೆ ಹಂತಹಂತವಾಗಿ ಕಡಿಮೆ ಮಾಡಬೇಕು.

ಖಿನ್ನತೆಯಲ್ಲಿರುವವರಿಗೆ ‘ನಿನಗೆ ದೇವರು ಎಷ್ಟೊಂದು ಕೊಟ್ಟಿದ್ದಾನೆ ನೋಡು’ ಎಂದು ಹೇಳುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಅವರಿಗೆ ಅದು ಗೊತ್ತಿರುತ್ತದೆ. ಗೊತ್ತಿದ್ದೂ ಏನೂ ಅನ್ನಿಸದೇ ಇರುವುದು ಆ ಕಾಯಿಲೆಯ ಲಕ್ಷಣ. ಮೂರು ಸಾಲು ಬರೆಯಲು ಕೂತು ಬರೆಯಲಾಗದಿದ್ದರೆ, ‘ನಾನು ಕೃತಘ್ನ’ ಎಂಬ ಹೊಸ ಅಪರಾಧ ಹಳೆಯವುಗಳ ಮೇಲೆ ಸೇರಿಕೊಳ್ಳುತ್ತದೆ.

ಯಾರ ಜತೆ ಮಾತಾಡಬೇಕೆಂದು ತಿಳಿಯದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರ್ಕಾರಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ನಮ್ಮ ಗ್ರೂಪಿನಲ್ಲಿ ಕೈಮುಗಿದ ಇಮೋಜಿ ಹಾಕಿದವರಿಗೆ ಅದೇ ರಾತ್ರಿ ಫೋನ್ ಮಾಡಿದೆ. ಮಾತ್ರೆ ನಿಲ್ಲಿಸಿರಲಿಲ್ಲ, ಆದರೆ ‘ಒಂದು ತಿಂಗಳು ಬಿಟ್ಟು ನೋಡೋಣ ಅಂತಿದ್ದೆ’ ಅಂದರು. ಮುಂದಿನ ವಾರ ಡಾಕ್ಟರ್ ಹತ್ತಿರ ಹೋಗುವುದಿತ್ತು, ಅವರನ್ನೇ ಕೇಳುತ್ತೇನೆ ಎಂದು ಒಪ್ಪಿಕೊಂಡರು. ಬರೆಯಲು ಅಂತ ಒಂದು ನೋಟ್‌ಬುಕ್ ತಂದಾಗಿದೆಯಂತೆ, ಅದನ್ನೇನು ಮಾಡಲಿ ಎಂದು ಕೇಳಿದರು. ಬರೆಯಿರಿ, ವಾರಕ್ಕೊಂದು ಸಲ ಸಾಕು ಎಂದೆ.